ಮಲ್ಲಿಗೆ ಬುಡ ಕೆದಕುವ ಬೆಕ್ಕಿಗೆ ನ್ಯಾಫ್ತಲಿನ್ ಬೇಡ

ಪಕ್ಕದ ಮನೆ ಬೆಕ್ಕು ಮಲ್ಲಿಗೆ ಗಿಡದ ಬುಡ ಕೆದಕಿ ಗಲೀಜು ಮಾಡುತ್ತದೆ, ನ್ಯಾಫ್ತಲಿನ್ ಗುಳಿಗೆ ಇಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಅದು ಬೆಕ್ಕಿಗೆ ವಿಷ. ಫಿನೈಲ್ ಕೂಡ ಹಾಗೇ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ.

ಬೆಕ್ಕಿಗೆ ಬೇಕಿರುವುದು ಸಡಿಲವಾದ ಒಣ ಮಣ್ಣು. ಉಡುಪಿಯ ನಮ್ಮ ಮನೆಯಲ್ಲೂ ಇದೇ ಕಥೆ ಇತ್ತು. ಮೊದಲು ಹಳೆಯ ಗಲೀಜನ್ನು ಮಣ್ಣಿನ ಸಮೇತ ತೆಗೆದೆ, ಯಾಕೆಂದರೆ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ಆಮೇಲೆ ಬುಡದ ಸುತ್ತ ತೆಂಗಿನ ಸಿಪ್ಪೆ ಕವುಚಿ ಒತ್ತೊತ್ತಾಗಿ ಜೋಡಿಸಿದೆ. ಕೆದಕಲು ಮಣ್ಣೇ ಸಿಗಲಿಲ್ಲ. ಬೇಸಿಗೆಯಲ್ಲಿ ಗಿಡಕ್ಕೆ ತೇವವೂ ಉಳಿಯಿತು. ಕಿತ್ತಳೆ ಸಿಪ್ಪೆ ಹಾಕಿ ನೋಡಬಹುದು, ಆದರೆ ನಮ್ಮ ಮಳೆಗೆ ಅದು ಎರಡು ದಿನವೂ ನಿಲ್ಲುವುದಿಲ್ಲ.

ಅಂದ ಹಾಗೆ, ಬಂಗುಡೆ, ಭೂತಾಯಿ ಮೀನು ಹಿತ್ತಲಲ್ಲಿ ಕುಳಿತು ಕೊಯ್ಯುತ್ತೀರಾ? ಹಾಗಾದರೆ ನೀವೇ ಊಟಕ್ಕೆ ಕರೆದ ಹಾಗಾಯಿತು, ಅಲ್ವಾ! ತಲೆ, ಕರುಳು ಮುಚ್ಚಳದ ಬಕೆಟಿಗೆ ಹಾಕಿ, ಜಾಗಕ್ಕೆ ನೀರು ಹೊಯ್ಯಿರಿ.

ಗಂಡು ಬೆಕ್ಕಾಗಿದ್ದು ಗೋಡೆಗೆ ಮೂತ್ರ ಸಿಡಿಸುತ್ತಿದ್ದರೆ, ಮರಿಯಾಗದಂತೆ ಆಪರೇಷನ್ ಮಾಡಿಸಿದ ಮೇಲೆ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಪಕ್ಕದವರ ಹತ್ತಿರ ಹೇಳಿ ನೋಡಿ. ಜಗಳಕ್ಕಲ್ಲ, ಸುಮ್ನೆ ಬೇಲಿ ಹತ್ತಿರ ಮಾತಿಗೆ ಸಿಕ್ಕಿದಾಗ.