ಹನ್ನೆರಡು ವರ್ಷ ಸೋಮಾರಿತನವೇ?

ಶಿವಮೊಗ್ಗದ ಓದುಗರೊಬ್ಬರ ಕಾಗದ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ ಅವರನ್ನು ಬಹಳ ಹೊಗಳಿದ್ದೀರಿ. 'ವದರಿಂಗ್ ಹೈಟ್ಸ್' ಹಾಡನ್ನು ಒಂದೇ ರಾತ್ರಿ ಬರೆದವರು ಆಮೇಲೆ ಒಂದು ಆಲ್ಬಂಗೆ 12 ವರ್ಷ ತೆಗೆದುಕೊಂಡರು. ಇದು ಸೋಮಾರಿತನ ಅಲ್ವಾ?"

ಕಾದು ಕೂತ ಅಭಿಮಾನಿಗೆ ಬೇಸರವಾಗುವುದು ಸಹಜ, ಒಪ್ಪಿದೆ. ಆದರೆ ನೀವು ಸಂಗೀತವನ್ನು ಇಷ್ಟು ಗಮನವಿಟ್ಟು ಕೇಳುವವರು. ನಿಮ್ಮಿಂದ ಈ 'ಸೋಮಾರಿತನ' ಅನ್ನೋ ಮಾತು ಬರಬಾರದಿತ್ತು.

ಆ ಒಂದು ರಾತ್ರಿಯನ್ನೇ ನೋಡೋಣ. ಆಗ ಆಕೆಗೆ 18. ಅಷ್ಟರಲ್ಲಿ ಮನೆಯ ಪಿಯಾನೊ ಮುಂದೆ ಎಷ್ಟೋ ಹಾಡು ಕಟ್ಟಿ ಆಗಿತ್ತು. ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಆಕೆಯ ಹಾಡುಗಳನ್ನು ಕೇಳಿ, ತಮ್ಮ ಖರ್ಚಿನಲ್ಲೇ ರೆಕಾರ್ಡ್ ಮಾಡಿಸಿದ್ದರು. ಇಎಂಐ ಎಂಬ ರೆಕಾರ್ಡ್ ಕಂಪನಿ ಒಪ್ಪಂದ ಮಾಡಿಕೊಂಡ ಮೇಲೂ ಅವಸರ ಮಾಡಲಿಲ್ಲ. ಆಕೆ ಲಿಂಡ್ಸೆ ಕೆಂಪ್ ಅವರ ಬಳಿ ನೃತ್ಯ ಕಲಿತರು, ಪಬ್‌ಗಳಲ್ಲಿ ಹಾಡಿದರು. 1978ರಲ್ಲಿ ಆ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4 ವಾರ ಮೊದಲ ಸ್ಥಾನದಲ್ಲಿತ್ತು. ತಾನೇ ಬರೆದ ಹಾಡಿನಿಂದ ಅಲ್ಲಿಗೆ ಮುಟ್ಟಿದ ಮೊದಲ ಮಹಿಳೆ ಆಕೆ. ಒಂದು ರಾತ್ರಿಯ ಹಿಂದೆ ಅಷ್ಟು ವರ್ಷ ಇದ್ದವು.

ಅವಸರವೂ ಆಯ್ತು ನೋಡಿ. ಅದೇ ವರ್ಷ ಎರಡನೇ ಆಲ್ಬಂ. ಅದು ಆಕೆಗೇ ತೃಪ್ತಿ ಕೊಡಲಿಲ್ಲ. ಆಮೇಲೆ ನಿಧಾನಕ್ಕೆ ಎಲ್ಲವನ್ನೂ ಕೈಗೆ ತೆಗೆದುಕೊಂಡರು. 'ಬಾಬೂಷ್ಕಾ' ಹಾಡಿಗೆ ಗಾಜು ಒಡೆಯುವ ಸದ್ದು ಬೇಕಿತ್ತು. ನಿಜವಾದ ಗಾಜು ಒಡೆದು, ಆ ಸದ್ದನ್ನು ಫೇರ್‌ಲೈಟ್ ಯಂತ್ರಕ್ಕೆ ತುಂಬಿ, ಕೀಬೋರ್ಡಿನಲ್ಲಿ ನುಡಿಸಿದರು. ಮುಂದೆ ಮನೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡರು. 1985ರ 'ಹೌಂಡ್ಸ್ ಆಫ್ ಲವ್' ಹುಟ್ಟಿದ್ದು ಅಲ್ಲಿ. ಅದರೊಳಗಿನ ಒಂದು ಹಾಡು 37 ವರ್ಷದ ಮೇಲೆ, 2022ರಲ್ಲಿ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು!

ಇನ್ನು ನಿಮ್ಮ 12 ವರ್ಷ, 1993ರ ಆಲ್ಬಂನಿಂದ 2005ರ 'ಏರಿಯಲ್'ವರೆಗೆ. ನಡುವೆ ಮಗ ಹುಟ್ಟಿದ. ಆಕೆ ಅವನನ್ನು ಬೆಳೆಸಿದರು. 'ಏರಿಯಲ್' ಆಲ್ಬಂನಲ್ಲಿ ವಾಷಿಂಗ್ ಮೆಷಿನ್ ಮೇಲೆ ಒಂದು ಹಾಡಿದೆ. ಕೆಸರಾದ ನೆಲ ಉಜ್ಜಿದ ಹೆಂಗಸು, ಯಂತ್ರದೊಳಗೆ ತನ್ನ ರವಿಕೆ ತನ್ನವನ ಪ್ಯಾಂಟಿಗೆ ಸುತ್ತಿಕೊಳ್ಳುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಮನೆಗೆಲಸ ಮಾಡದವರಿಗೆ ಆ ಹಾಡು ಸಿಗುತ್ತಿತ್ತೇ?

ನಮ್ಮಲ್ಲೂ ಈ ಅವಸರದ್ದೇ ಗೋಳು. ಯುವತಿಯೊಬ್ಬಳು ನಮಗೆ ಒಂದೇ ಒಂದು ಅಪರೂಪದ ಕಥೆ ಕಳಿಸಿದ್ದಳು. ಅದು ಅಚ್ಚಾದ ತಿಂಗಳೊಳಗೆ ಪ್ರಕಾಶಕರೊಬ್ಬರು ಸಂಕಲನ ಕೇಳಿದರು. ಆರು ತಿಂಗಳಲ್ಲಿ ಪುಸ್ತಕವೂ ಬಂತು. ಕಾರ್ಬೈಡ್ ಹಾಕಿದ ಮಾವಿನ ಹಾಗೆ, ಮೇಲೆ ಬಣ್ಣ, ಒಳಗೆ ಹುಳಿ. ಈಗ ಆಕೆ ಬರೆಯುವುದನ್ನೇ ಬಿಟ್ಟಿದ್ದಾಳೆ. "ಹೊಸದೇನು ಬರೆದ್ರಿ?" ಅಂತ ಸಿಕ್ಕಲ್ಲೆಲ್ಲ ಕೇಳಿ ಕೇಳಿ ಎಷ್ಟು ಮಂದಿಯನ್ನು ಹೀಗೆ ಕಳೆದುಕೊಂಡಿದ್ದೇವೆ! ಸಭೆಗಳಲ್ಲಿ ಕೇಳುವುದು ಇದನ್ನೇ, ಫೋನಿನಲ್ಲೂ ಇದನ್ನೇ. ಹಳೆಯ ಕಥೆಯನ್ನು ಓದಿದೆ ಅನ್ನುವವರು ಮಾತ್ರ ಇಲ್ಲ.

ನೀವೊಂದು ಕೆಲಸ ಮಾಡಿ. 'ಏರಿಯಲ್'ನ ಎರಡನೇ ಭಾಗವನ್ನು ಒಂದೇ ಸಲಕ್ಕೆ ಪೂರ್ತಿ ಕೇಳಿ. ಸುಮಾರು 42 ನಿಮಿಷ, ಫೋನ್ ಪಕ್ಕಕ್ಕಿಡಿ. ಮಧ್ಯಾಹ್ನ ಕಳೆದು, ರಾತ್ರಿಯಾಗಿ, ಬೆಳಗಾಗುತ್ತದೆ. ಕೊನೆಗೆ ಆಕೆ ಹಕ್ಕಿಗಳ ಜೊತೆ ನಗುತ್ತಾರೆ. ಆ ನಗು ಕೇಳಿಸಿಕೊಂಡು ನನಗೆ ಇನ್ನೊಂದು ಕಾಗದ ಬರೆಯಿರಿ.

— ಸಂ.