ಕಡಲಹುಲ್ಲಿಗೂ ಹೂವಿದೆ

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಡುಗಾಂಗ್ ಎಂಬ ಕಡಲಹಸುವನ್ನು ಕಡಲಹುಲ್ಲಿಗೆ ಹೋಲಿಸಿದ್ದೀರಿ. ಒಂದು ಪ್ರಾಣಿ, ಇನ್ನೊಂದು ಪಾಚಿ. ಹಸುವನ್ನು ಅದು ಮೇಯುವ ಹುಲ್ಲಿಗೆ ಯಾರಾದರೂ ಹೋಲಿಸುತ್ತಾರಾ?"

ನಮಸ್ಕಾರ. ಮೊದಲು ಒಂದು ತಿದ್ದುಪಡಿ. ಕಡಲಹುಲ್ಲು ಪಾಚಿ ಅಲ್ಲ. ಪಾಚಿಗೆ ಬೇರಿಲ್ಲ, ಹೂವಿಲ್ಲ. ಇದಕ್ಕೆ ಎರಡೂ ಇವೆ. ಲೇಖನದಲ್ಲೇ ನಾವು ಇದನ್ನು ಬಿಡಿಸಿ ಹೇಳಬೇಕಿತ್ತು.

ಹೋಲಿಕೆಗೆ ನಾವು ಆರಿಸಿಕೊಂಡ ಕಡಲಹುಲ್ಲು ಹ್ಯಾಲೊಫಿಲಾ ಓವಾಲಿಸ್ ಅನ್ನೋ ಪುಟ್ಟ ಗಿಡ. ಕಾಂಡ ಮರಳಿನೊಳಗೆ ಹಬ್ಬಿರುತ್ತದೆ. ಮೇಲೆ ಕಾಣುವುದು ಹೆಬ್ಬೆರಳಿನ ಉಗುರಿನಂಥ ಎಲೆಗಳು, ಜೋಡಿ ಜೋಡಿಯಾಗಿ. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಅಲ್ಲಿ ದುಂಬಿ ಇಲ್ಲ, ಗಾಳಿ ಇಲ್ಲ. ಪರಾಗವನ್ನು ನೀರೇ ಹೊತ್ತೊಯ್ಯುತ್ತದೆ.

ಹುಲ್ಲಿನ ಪೂರ್ವಜರೂ ಡುಗಾಂಗ್‌ನ ಪೂರ್ವಜರೂ ನೆಲದ ಮೇಲಿದ್ದವರೇ. ಡುಗಾಂಗ್‌ಗೆ ಆನೆ ಹತ್ತಿರದ ನೆಂಟ. ಮೊಲೆಗಳು ಆನೆಗಿರುವಂತೆಯೇ ಮುಂಗಾಲಿನ ಬುಡದಲ್ಲಿವೆ. ನೀರಿಗಿಳಿದ ಮೇಲೆ ಹಿಂಗಾಲು ಹೋಯಿತು. ಹುಲ್ಲು ತನ್ನ ಎಲೆಯ ಪತ್ರರಂಧ್ರಗಳನ್ನೇ, ಅಂದರೆ ಗಾಳಿಯಾಡುವ ಸಣ್ಣ ತೂತುಗಳನ್ನೇ, ಕಳಕೊಂಡಿತು. ಇಷ್ಟೆಲ್ಲ ಬದಲಾದರೂ ಡುಗಾಂಗ್ ಇವತ್ತಿಗೂ ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರೆಳೆಯಲೇಬೇಕು. ಹುಲ್ಲು ಇವತ್ತಿಗೂ ಉಪ್ಪುನೀರಿನ ತಳದಲ್ಲಿ ಹೂ ಬಿಡುತ್ತದೆ. ನೆಲದ ಬದುಕಿನ ಒಂದೊಂದು ಗುರುತನ್ನು ಎರಡೂ ಹಾಗೇ ಉಳಿಸಿಕೊಂಡಿವೆ, ಅಲ್ವಾ? ಸುಮ್ನೆ ಹೋಲಿಸಿದ್ದಲ್ಲ ಸಾರ್, ಇದನ್ನು ಓದಿದ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ.

ಬೆಳೆಯುವ ವೇಗದಲ್ಲಿ ಮಾತ್ರ ತುಂಬಾ ವ್ಯತ್ಯಾಸ. ಡುಗಾಂಗ್ ತನ್ನ ದಪ್ಪ ಮೂತಿಯಿಂದ ಮರಳು ಕೆದಕಿ, ಹುಲ್ಲನ್ನು ಬೇರುಸಹಿತ ಕೀಳುತ್ತದೆ. ಅದು ಮೇದು ಹೋದ ಕಡೆ ನೇಗಿಲ ಸಾಲಿನಂಥ ಗೆರೆ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ಹ್ಯಾಲೊಫಿಲಾ ಆ ಗೆರೆಯನ್ನು ಮುಚ್ಚಿಬಿಡಬಲ್ಲದು. ಡುಗಾಂಗ್ ಹಾಗಲ್ಲ. ಬಸಿರು ಒಂದು ವರ್ಷಕ್ಕಿಂತ ಜಾಸ್ತಿ, ಹುಟ್ಟುವುದು ಒಂದೇ ಮರಿ. ಮುಂದಿನ ಮರಿಗೆ ಮೂರರಿಂದ ಏಳು ವರ್ಷ ಬೇಕು. ಮೀನಿನ ಬಲೆಗೆ ಸಿಕ್ಕಿ ಒಂದು ತಾಯಿ ಉಸಿರುಗಟ್ಟಿ ಸತ್ತರೆ, ಆ ಜಾಗ ತುಂಬಲು ಎಷ್ಟು ಕಾಲ ಹಿಡಿಯುತ್ತದೆ ಯೋಚಿಸಿ.

2022ರಲ್ಲಿ ತಮಿಳುನಾಡು ಸರ್ಕಾರ ಭಾರತ-ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಕಡಲನ್ನು ಡುಗಾಂಗ್‌ಗಾಗಿ ಮೀಸಲಿಟ್ಟಿತು. ಹೆಸರು ಡುಗಾಂಗ್‌ದು. ಆದರೆ ಅಲ್ಲಿ ಮೊದಲು ಉಳಿಯಬೇಕಾದ್ದು ಹುಲ್ಲು. ತಳ ಬಾಚುವ ಬಲೆ ಅದರ ಮೇಲೆ ಹಾಯ್ದರೆ ಮೇಯಲು ಏನೂ ಇರುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಹುಲ್ಲಿನ ಹೂವಿನ ಚಿತ್ರ ಹಾಕುತ್ತೇವೆ. ನೋಡಿ ಮತ್ತೆ ಬರೆಯಿರಿ.

— ಸಂಪಾದಕ