ಓದುಗರ ಪ್ರಶ್ನೆ: ವಿಎಸ್ ಕೋಡ್ ಬಿಟ್ಟು ಹೊಸ ಎಡಿಟರ್‌ಗೆ ಹೋಗಬೇಕಾ?

ಪ್ರಶ್ನೆ: ಸರ್, ನಾನು ನಾಲ್ಕು ವರ್ಷದಿಂದ ವೆಬ್ ಡೆವಲಪರ್. ನಮ್ಮದು ಆರು ಜನರ ಸಣ್ಣ ಆಫೀಸು, ಕೋಡ್ ಬರೆಯಲು ಎಲ್ಲರೂ ವಿಎಸ್ ಕೋಡ್ ಎಡಿಟರ್ ಬಳಸುತ್ತಿದ್ದೆವು. ಹೋದ ತಿಂಗಳು ಸೇರಿದ ಹುಡುಗ ಝೆಡ್ ಅನ್ನುವ ಎಡಿಟರ್ ಬಳಸುತ್ತಾನೆ, ಫೈಲ್ ತೆರೆಯುವ ಸ್ಪೀಡ್ ತೋರಿಸಿ ಎಲ್ಲರ ಹೊಟ್ಟೆ ಉರಿಸುತ್ತಾನೆ. ಇನ್ನೊಬ್ಬರು ಕರ್ಸರ್ ಅನ್ನುವ ಎಡಿಟರ್‌ಗೆ ಹೋದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು 8 ಜಿಬಿ ರ್‍ಯಾಮ್. ಊಟದ ಹೊತ್ತಿಗೆ ಅದರ ಫ್ಯಾನ್ ಮಿಕ್ಸಿ ಥರ ಕೂಗುತ್ತದೆ. ನಾನೂ ಬದಲಿಸಲಾ? ಇಲ್ಲದಿದ್ದರೆ ಹಿಂದೆ ಬೀಳುತ್ತೇನಾ?
(ಹೆಸರು ಬೇಡ, ರಾಜಾಜಿನಗರ)

ಉತ್ತರ: ಹಿಂದೆ ಬೀಳುವ ಭಯ ಬಿಡಿ. ಕ್ಲೈಂಟ್ ನೋಡುವುದು ಪೇಜನ್ನು, ನೀವು ಅದನ್ನು ಯಾವುದರಲ್ಲಿ ಬರೆದಿರಿ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಪತ್ರದಲ್ಲಿ ನಿಜವಾದ ತೊಂದರೆ ಅಂತ ಇರುವುದು ಒಂದೇ, ಆ ಫ್ಯಾನ್. ಅದನ್ನೇ ನೋಡೋಣ.

ವಿಎಸ್ ಕೋಡ್ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಅದರ ಹೊಟ್ಟೆಯಲ್ಲಿ ಒಂದು ಇಡೀ ಕ್ರೋಮಿಯಂ ಬ್ರೌಸರ್ ಕೂತಿದೆ. ಝೆಡ್ ರಸ್ಟ್ ಭಾಷೆಯಲ್ಲಿ ಬರೆದದ್ದು, ಬ್ರೌಸರ್ ಇಲ್ಲದೆ ನೇರವಾಗಿ ಗ್ರಾಫಿಕ್ಸ್ ಚಿಪ್‌ನಿಂದಲೇ ಪರದೆ ತುಂಬಿಸುತ್ತದೆ. ಹಾಗಾಗಿ ಅದು ಹಗುರ, ಆ ಹುಡುಗ ಸುಳ್ಳು ಹೇಳುತ್ತಿಲ್ಲ. ತಮಾಷೆ ನೋಡಿ, ಎಲೆಕ್ಟ್ರಾನ್ ಹುಟ್ಟಿದ್ದೇ ಆ್ಯಟಮ್ ಅನ್ನುವ ಎಡಿಟರ್‌ಗಾಗಿ, ಆ ಆ್ಯಟಮ್ ಕಟ್ಟಿದವರಲ್ಲೇ ಕೆಲವರು ಸೇರಿ ಈಗ ಝೆಡ್ ಕಟ್ಟಿದ್ದಾರೆ.

ಆದರೆ ನಿಮ್ಮ ರ್‍ಯಾಮ್ ತಿನ್ನುತ್ತಿರುವುದು ಎಡಿಟರ್ರೇ ಅಂತ ಹೇಗೆ ಗೊತ್ತು? ಟೈಪ್‌ಸ್ಕ್ರಿಪ್ಟ್ ಭಾಷೆಯ ಪ್ರಾಜೆಕ್ಟ್ ಆದರೆ ಹಿಂದುಗಡೆ ಟಿಎಸ್ ಸರ್ವರ್ ಅಂತ ಒಂದು ಬೇರೆಯೇ ಪ್ರೋಗ್ರಾಂ ಓಡುತ್ತಿರುತ್ತದೆ. ಚುಕ್ಕಿ ಒತ್ತಿದ ತಕ್ಷಣ ಪಟ್ಟಿ ಕೊಡುವುದು, ತಪ್ಪಿದ್ದ ಕಡೆ ಕೆಂಪು ಗೆರೆ ಎಳೆಯುವುದು ಎಲ್ಲ ಅದರ ಕೆಲಸ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಅದೊಂದೇ ಒಂದು ಜಿಬಿ ದಾಟುವುದನ್ನು ನಾನೇ ನೋಡಿದ್ದೇನೆ. ಝೆಡ್‌ಗೆ ಹೋದರೂ ಹಿಂದೆ ಓಡುವುದು ಅದೇ ಟಿಎಸ್ ಸರ್ವರ್. ಬಾಡಿಗೆ ಮನೆ ಬದಲಿಸಿದ ಹಾಗೆ, ಗೋಡೆ ಬಣ್ಣ ಬೇರೆ, ಕಾವೇರಿ ನೀರು, ಬೆಸ್ಕಾಂ ಕರೆಂಟು ಅದೇ.

ಅದಕ್ಕೇ ಮೊದಲು ಅರ್ಧ ಗಂಟೆ ಹುಡುಕಾಟ ಮಾಡಿ. ವಿಎಸ್ ಕೋಡ್‌ನ ಹೆಲ್ಪ್ ಮೆನುವಿನಲ್ಲಿ ಪ್ರೋಸೆಸ್ ಎಕ್ಸ್‌ಪ್ಲೋರರ್ ಅಂತ ಇದೆ, ಯಾವುದು ಎಷ್ಟು ತಿನ್ನುತ್ತಿದೆ ಅಂತ ಅಲ್ಲೇ ಕಾಣುತ್ತದೆ. ಎಕ್ಸ್‌ಟೆನ್ಶನ್ ಅಂದರೆ ಎಡಿಟರ್‌ಗೆ ನಾವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ. ಎಕ್ಸ್‌ಟೆನ್ಶನ್ ಹೋಸ್ಟ್ ಅನ್ನುವ ಸಾಲು ಜಾಸ್ತಿ ತಿನ್ನುತ್ತಿದ್ದರೆ ಕಮಾಂಡ್ ಪ್ಯಾಲೆಟ್‌ನಲ್ಲಿ (ಕಮಾಂಡ್ ಹೆಸರು ಟೈಪ್ ಮಾಡುವ ಡಬ್ಬಿ) ಎಕ್ಸ್‌ಟೆನ್ಶನ್ ಬೈಸೆಕ್ಟ್ ಶುರು ಮಾಡಿ. ಅದು ನಿಮ್ಮ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧ ಆಫ್ ಮಾಡಿ "ಈಗ ಸರಿ ಇದೆಯಾ?" ಅಂತ ಕೇಳುತ್ತದೆ, ಆಮೇಲೆ ಉಳಿದದ್ದರಲ್ಲಿ ಅರ್ಧ, ಹೀಗೆ 32 ಎಕ್ಸ್‌ಟೆನ್ಶನ್ ಇದ್ದರೂ ಐದೇ ಸುತ್ತಿಗೆ ಕಳ್ಳ ಸಿಕ್ಕಿಬೀಳುತ್ತಾನೆ. ನನ್ನದರಲ್ಲಿ ಸಿಕ್ಕಿದ್ದು ಎಂದೋ ಹಾಕಿ ಮರೆತಿದ್ದ ಒಂದು ಬಣ್ಣ ತೋರಿಸುವ ಎಕ್ಸ್‌ಟೆನ್ಶನ್!

ಇನ್ನೊಂದು ಸಲ ಅದೂ ಅಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಸೈಟು ಮಾಡುತ್ತಿದ್ದೆ, ಫೋಟೋಗಳೆಲ್ಲ ಪ್ರಾಜೆಕ್ಟ್ ಫೋಲ್ಡರ್ ಒಳಗೇ ಇದ್ದವು, ಸಾವಿರಾರು. ಎಡಿಟರ್ ಪಾಪ ಒಂದೊಂದು ಸೀರೆಯನ್ನೂ ಕಾಯುತ್ತಾ ಕೂತಿತ್ತು, ಯಾವುದಾದರೂ ಬದಲಾದರೆ ನನಗೆ ಹೇಳಬೇಕಲ್ಲ. ಸೆಟ್ಟಿಂಗ್ಸ್‌ನಲ್ಲಿ ವಾಚರ್ ಎಕ್ಸ್‌ಕ್ಲೂಡ್ ಪಟ್ಟಿಗೆ, ಅಂದರೆ ಕಾಯಬೇಡ ಅನ್ನುವ ಪಟ್ಟಿಗೆ, ಆ ಫೋಟೋಗಳ ಫೋಲ್ಡರ್ ಸೇರಿಸಿದೆ, ಫ್ಯಾನ್ ತೆಪ್ಪಗಾಯಿತು.

ಇಷ್ಟೆಲ್ಲ ಮಾಡಿಯೂ ಕೂಗಿದರೆ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗೆ ಹೋಗಿ ಇನ್ನೊಂದು 8 ಜಿಬಿ ಹಾಕಿಸಿಕೊಂಡು ಬನ್ನಿ. ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ ಮಾಡೆಲ್ ಆದರೆ ಆ ದಾರಿ ಇಲ್ಲ, ಮನೆಯಿಂದ ಹೊರಡುವ ಮುಂಚೆ ಮಾಡೆಲ್ ನಂಬರ್ ನೋಡಿಕೊಳ್ಳಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ನಿಮಗೆ ಹೇಳುತ್ತಿಲ್ಲ. ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಟೈಪ್ ಮಾಡಿದ ಅಕ್ಷರ ತಡವಾಗಿ ಬರುವುದು ದಿನಾ ಕಿರಿಕಿರಿ ಮಾಡುತ್ತಿದ್ದರೆ ಝೆಡ್ ಧಾರಾಳವಾಗಿ ನೋಡಿ. 2024ರ ಜನವರಿಯಲ್ಲಿ ಅದು ಓಪನ್ ಸೋರ್ಸ್ ಆಯಿತು, 2025ರಲ್ಲಿ ವಿಂಡೋಸ್‌ಗೂ ಬಂತು, ಶಾರ್ಟ್‌ಕಟ್‌ಗಳೂ ಹೆಚ್ಚುಕಮ್ಮಿ ವಿಎಸ್ ಕೋಡ್‌ನವೇ. ಆದರೆ ವಿಎಸ್ ಕೋಡ್‌ನ ಎಕ್ಸ್‌ಟೆನ್ಶನ್ ಅಲ್ಲಿ ನಡೆಯುವುದಿಲ್ಲ, ಅದರದ್ದೇ ಬೇರೆ ಪಟ್ಟಿ, ಅದು ಚಿಕ್ಕದು. ನಿಮಗೆ ಇಲ್ಲದೆ ಆಗುವುದೇ ಇಲ್ಲ ಅನ್ನುವ ನಾಲ್ಕು ಎಕ್ಸ್‌ಟೆನ್ಶನ್ ಹೆಸರು ಬರೆದುಕೊಂಡು ಮೊದಲು ಅಲ್ಲಿ ಹುಡುಕಿ.

ಕರ್ಸರ್ ಕಥೆ ಬೇರೆ. ಅದು ವಿಎಸ್ ಕೋಡ್‌ನದ್ದೇ ಕವಲು, ಅಂದರೆ ಅದರ ಕೋಡನ್ನೇ ತೆಗೆದುಕೊಂಡು ಬೆಳೆಸಿದ್ದು, ಹೋಗುವುದು ಸುಲಭ, ಸೆಟ್ಟಿಂಗ್ಸ್ ಎಲ್ಲ ಜೊತೆಗೇ ಬರುತ್ತವೆ. ಫ್ಯಾನ್ ಮಾತ್ರ ನಿಲ್ಲುವುದಿಲ್ಲ, ಒಳಗಿರುವುದು ಅದೇ ಎಲೆಕ್ಟ್ರಾನ್ ಅಲ್ವಾ. ಅಲ್ಲಿಗೆ ಹೋಗುವುದಾದರೆ ಅದರಲ್ಲಿರುವ, ಕೋಡ್ ಬರೆದುಕೊಡುವ ಎಐಗಾಗಿ ಹೋಗಬೇಕು. ಎಐ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ವಿಎಸ್ ಕೋಡ್‌ನಲ್ಲೇ ಕೋಪೈಲಟ್ ಅನ್ನುವ ಎಐ ಸಹಾಯಕ ಹಾಕಿ ನೋಡಬಹುದು, ಅದಕ್ಕೆ ಪುಕ್ಕಟೆ ಪ್ಲ್ಯಾನ್ ಇದೆ. ಎರಡರಲ್ಲೂ ಒಂದು ಮಾತು ನೆನಪಿರಲಿ: ಕ್ಲೈಂಟ್‌ನ ಕೋಡು ಹೊರಗಿನ ಸರ್ವರ್‌ಗೆ ಹೋಗುತ್ತದೆ. ನಿಮ್ಮ ಕಾಂಟ್ರ್ಯಾಕ್ಟ್‌ನಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತ ಬಾಸ್‌ನ ಕೇಳಿ. ಇದನ್ನು ಕೇಳದೆ ಶುರು ಮಾಡಿದವರು ನಮ್ಮಲ್ಲಿ ಜಾಸ್ತಿ.

ಬದಲಿಸಿದರೂ ಒಂದೇ ಸಲ ಹಾರಬೇಡಿ. ರಿಲೀಸ್ ಇಲ್ಲದ ಎರಡು ವಾರ ನೋಡಿಕೊಂಡು ಒಂದು ಸಣ್ಣ ಪ್ರಾಜೆಕ್ಟ್ ಮಾತ್ರ ಹೊಸದರಲ್ಲಿ ತೆರೆಯಿರಿ. ನಮ್ಮ ಹಳೆಯ ಆಫೀಸಿನಲ್ಲಿ ಗೆಳೆಯನೊಬ್ಬ ರಾತ್ರೋರಾತ್ರಿ ಎಡಿಟರ್ ಬದಲಿಸಿದ. ಬೆಳಿಗ್ಗೆ ಅವನು ಮುಟ್ಟಿದ್ದು ಒಂದು ಬಟನ್ನಿನ ಬಣ್ಣ, ಎರಡು ಸಾಲು. ಉಳಿದವರು ನೋಡಿ ಒಪ್ಪಲಿ ಅಂತ ಕಳಿಸುವ ಪುಲ್ ರಿಕ್ವೆಸ್ಟ್‌ನಲ್ಲಿ ಬಂದಿದ್ದು 1,400 ಸಾಲು! ಸೇವ್ ಒತ್ತಿದಾಗಲೆಲ್ಲ ಹೊಸ ಎಡಿಟರ್ ಇಡೀ ಫೈಲಿನ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿ ಕೂರಿಸುತ್ತಿತ್ತು, ನಾವು ಸಂಜೆವರೆಗೆ ಆ ಎರಡು ಸಾಲು ಎಲ್ಲಿವೆ ಅಂತ ಹುಡುಕಿದೆವು. ನಿಮ್ಮಲ್ಲಿ ಈಗ ಮೂರು ಥರದ ಎಡಿಟರ್ ಇವೆ ಅಂದಮೇಲೆ ಇವತ್ತೇ ಪ್ರಾಜೆಕ್ಟ್‌ಗೆ ಎಡಿಟರ್‌ಕಾನ್ಫಿಗ್ ಫೈಲ್ (ಟ್ಯಾಬ್, ಸ್ಪೇಸ್ ನಿಯಮ ಬರೆದಿಡುವ ಫೈಲ್) ಮತ್ತು ಕೋಡನ್ನು ಒಂದೇ ಥರ ಜೋಡಿಸುವ ಪ್ರೆಟಿಯರ್‌ನ ಸೆಟ್ಟಿಂಗ್ಸ್ ಹಾಕಿ ಕಮಿಟ್ ಮಾಡಿಬಿಡಿ. ಎಡಿಟರ್‌ಕಾನ್ಫಿಗ್ ಓದಲು ವಿಎಸ್ ಕೋಡ್‌ಗೆ ಒಂದು ಎಕ್ಸ್‌ಟೆನ್ಶನ್ ಬೇಕು, ಝೆಡ್ ತಾನಾಗಿಯೇ ಓದಿಕೊಳ್ಳುತ್ತದೆ. ಟ್ಯಾಬೋ ಸ್ಪೇಸೋ ಅನ್ನುವುದು ಪ್ರಾಜೆಕ್ಟ್‌ನಲ್ಲಿ ಬರೆದಿಟ್ಟಿದ್ದರೆ ಯಾರು ಯಾವ ಎಡಿಟರ್‌ಗೆ ಹೋದರೂ ಉಳಿದವರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ? ವಿಎಸ್ ಕೋಡ್‌ನಲ್ಲೇ ಇದ್ದು ಅರ್ಧದಷ್ಟು ಎಕ್ಸ್‌ಟೆನ್ಶನ್ ಕಿತ್ತು ಹಾಕುತ್ತಿದ್ದೆ.

ಪ್ರಶ್ನೆ: ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬ್‌ನಲ್ಲಿ ಇನ್ನೂ ಬ್ರಾಕೆಟ್ಸ್ ಎಡಿಟರ್ ಇದೆ. ಅದು ಸತ್ತುಹೋಗಿದೆ ಅಂತ ಸೀನಿಯರ್ ನಗುತ್ತಾರೆ. ನಾನು ಮನೆಯಲ್ಲಿ ಯಾವುದು ಹಾಕಿಕೊಳ್ಳಲಿ?
(ವಿದ್ಯಾರ್ಥಿನಿ, ಯಲಹಂಕ)

ಉತ್ತರ: ಸೀನಿಯರ್ ಹೇಳಿದ್ದು ಅರ್ಧ ನಿಜ. ಅಡೋಬಿ 2021ರ ಸೆಪ್ಟೆಂಬರ್ 1ಕ್ಕೆ ಬ್ರಾಕೆಟ್ಸ್ ಕೈಬಿಟ್ಟಿತು, ಆದರೆ ಅದನ್ನು ಇಷ್ಟಪಟ್ಟವರು ಫೀನಿಕ್ಸ್ ಕೋಡ್ ಅನ್ನುವ ಹೆಸರಲ್ಲಿ ಮುಂದುವರಿಸಿದ್ದಾರೆ, ಬ್ರೌಸರ್‌ನಲ್ಲೇ ತೆರೆಯಬಹುದು. ಮೇಲೆ ಹೇಳಿದ ಆ್ಯಟಮ್ ಕೂಡ 2022ರ ಡಿಸೆಂಬರ್ 15ಕ್ಕೆ ಮುಚ್ಚಿತು. ಎರಡನ್ನೂ ಒಂದು ಕಾಲದಲ್ಲಿ ನಾನು ಬಳಸಿದ್ದೆ, ಅದರಲ್ಲಿ ಕಲಿತ ಎಚ್‌ಟಿಎಂಎಲ್ ಇವತ್ತೂ ಅನ್ನ ಹಾಕುತ್ತಿದೆ. ಲ್ಯಾಬ್‌ನಲ್ಲಿ ಅದೇ ಇರಲಿ. ಮನೆಯಲ್ಲಿ ವಿಎಸ್ ಕೋಡ್ ಹಾಕಿಕೊಳ್ಳಿ, ಅದೇನೋ ಶ್ರೇಷ್ಠ ಅಂತಲ್ಲ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪಕ್ಕದಲ್ಲಿ ಕೂತವರಿಗೂ ಅದು ಗೊತ್ತಿರುತ್ತದೆ ಅಂತ.

ಪ್ರಶ್ನೆ: ಕನ್ನಡ ಸೈಟ್ ಮಾಡುತ್ತಿದ್ದೇನೆ. ಎಡಿಟರ್‌ನಲ್ಲಿ "ಸಾಫ್ಟ್‌ವೇರ್" ಪದದ ಮಧ್ಯೆ ಹಳದಿ ಡಬ್ಬಿ ಬರುತ್ತದೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಕನ್ನಡಕ್ಕೆ ಬೇರೆ ಎಡಿಟರ್ ಇದೆಯಾ?
(ಬಸವನಗುಡಿ)

ಉತ್ತರ: ಬೇರೆ ಬೇಡ. ಆ ಡಬ್ಬಿ ತೋರಿಸುತ್ತಿರುವುದು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು. ಅದು ಇಲ್ಲದಿದ್ದರೆ ವಕಾರ ಕೆಳಗಿಳಿದು "ಸಾಫ್ಟ್ವೇರ್" ಆಗುತ್ತದೆ. ಕಳ್ಳರು ಇಂಥ ಕಾಣದ ಅಕ್ಷರಗಳನ್ನು ಕೋಡಿನಲ್ಲಿ ಅಡಗಿಸಬಹುದು ಅಂತ ವಿಎಸ್ ಕೋಡ್ ಎಚ್ಚರಿಸುತ್ತದೆ, ಅದಕ್ಕೇನು ಗೊತ್ತು ನಮ್ಮ ಒತ್ತಿನ ಕಷ್ಟ. ಡಬ್ಬಿ ಮೇಲೆ ಮೌಸ್ ಇಟ್ಟು ಆ ಅಕ್ಷರಕ್ಕೆ ವಿನಾಯಿತಿ ಕೊಟ್ಟುಬಿಡಿ. ದಯವಿಟ್ಟು ಅಳಿಸಬೇಡಿ. ಫಾಂಟ್ ಸೆಟ್ಟಿಂಗ್‌ನಲ್ಲಿ ನಿಮ್ಮ ಕೋಡ್ ಫಾಂಟ್ ಆದಮೇಲೆ ಅಲ್ಪವಿರಾಮ ಹಾಕಿ ನೋಟೋ ಸಾನ್ಸ್ ಕನ್ನಡ ಸೇರಿಸಿದರೆ ಓದಲು ಹಿತ.

ಟರ್ಮಿನಲ್ ವಿಷಯಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದು ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಹಂಚಿ ಚೌಕಕ್ಕೊಂದು ಅಕ್ಷರ ಕೂರಿಸುತ್ತದೆ, ನಮ್ಮ "ಸ್ತ್ರೀ" ಎಷ್ಟು ಚೌಕ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಫೈಲ್ ಒಳಗೆ ಪದ ಸರಿಯಾಗಿಯೇ ಇರುತ್ತದೆ, ಬ್ರೌಸರ್‌ನಲ್ಲಿ ತೆರೆದು ನೋಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಯಾವ ಎಡಿಟರ್ ತಂದರೂ ಅದಕ್ಕೆ ಉಪಾಯ ಇಲ್ಲ.

ಪ್ರಶ್ನೆ: ಸರ್ವರ್‌ನಲ್ಲಿ ಗೊತ್ತಿಲ್ಲದೆ ವಿಮ್ ಅನ್ನುವ ಎಡಿಟರ್ ತೆರೆದುಬಿಟ್ಟೆ. ಹೊರಗೆ ಬರುವುದು ಹೇಗೆ?
(ಊರು ಬರೆದಿಲ್ಲ, ಅವಸರದಲ್ಲಿದ್ದಂತಿದೆ)

ಉತ್ತರ: ಎಸ್ಕೇಪ್ ಒತ್ತಿ. ಆಮೇಲೆ ಕೋಲನ್, ಸಣ್ಣ ಕ್ಯೂ, ಆಶ್ಚರ್ಯಸೂಚಕ, ಎಂಟರ್. ಮಾಡಿದ ಬದಲಾವಣೆ ಉಳಿಯುವುದಿಲ್ಲ. ಈ ಸಂಚಿಕೆ ನಿಮ್ಮ ಕೈಗೆ ಸೇರುವಷ್ಟರಲ್ಲಿ ಆ ಕಿಟಕಿಯನ್ನೇ ಮುಚ್ಚಿರುತ್ತೀರಿ ಅಂದುಕೊಂಡಿದ್ದೇನೆ.